ಮ್ಯಾಟ್ ಬಂದ ವರ್ಷ

ಬಸವಕಲ್ಯಾಣದಿಂದ ಮುಡಬಿಯ ಕಡೆ ಹೋಗುವ ರಸ್ತೆಯಲ್ಲಿ, ಮನೆಗಳು ಮುಗಿದು ತೊಗರಿ ಹೊಲಗಳು ಶುರುವಾಗುವಲ್ಲಿ ಒಂದು ಸರ್ಕಾರಿ ಪ್ರೌಢಶಾಲೆ ಇದೆ. ಅಲ್ಲಿ ಗಣಿತ ಕಲಿಸುವ ವಿದ್ಯಾವತಿ, ಪ್ರಾರ್ಥನೆಯ ಗಂಟೆಗಿಂತ ಎಷ್ಟೋ ಹೊತ್ತು ಮೊದಲೇ ಶಾಲೆಗೆ ಬಂದುಬಿಡುತ್ತಿದ್ದಳು. ಗಂಡ ನಾಗನಾಥ ಅಂಗಡಿಯ ಬಾಗಿಲು ತೆಗೆಯುವ ಮುಂಚೆ ಅವಳನ್ನು ಮೋಟರ್ ಸೈಕಲ್ಲಿನ ಮೇಲೆ ಗೇಟಿನವರೆಗೆ ಬಿಟ್ಟು ಹೋಗುತ್ತಿದ್ದ. ಶಾಲೆಯ ಹಿಂಭಾಗದಲ್ಲಿ ಮುರಿದ ಬೆಂಚುಗಳನ್ನು ಒಟ್ಟಿದ ಒಂದು ಕೋಣೆ ಇತ್ತು. ಆ ಬೆಂಚುಗಳನ್ನು ಗೋಡೆಗೆ ಸರಿಸಿ ಜಾಗ ಮಾಡಿ, ಮೂರು ವರ್ಷದಿಂದ ಅಲ್ಲಿ ಒಂದು ತರಗತಿ ನಡೆಸುತ್ತಿದ್ದಳು. ಯಾರೂ ನಡೆಸು ಎಂದಿರಲಿಲ್ಲ. ಅದಕ್ಕೆ ಹಾಜರಿ ಇರಲಿಲ್ಲ, ಪರೀಕ್ಷೆ ಇರಲಿಲ್ಲ. ಲೆಕ್ಕವೆಂದರೆ ಕಣ್ಣು ಅರಳಿಸುವ ಏಳೆಂಟು ಮಕ್ಕಳು ಬರುತ್ತಿದ್ದರು. ವಿದ್ಯಾವತಿ ಒಂದು ಪ್ರಶ್ನೆ ಹೇಳಿ ಸುಮ್ಮನೆ ಕೂತುಬಿಡುತ್ತಿದ್ದಳು. ಉತ್ತರವನ್ನು ಅವಳು ಹೇಳುವವಳಲ್ಲ ಎಂಬುದು ಮಕ್ಕಳಿಗೆಲ್ಲ ಗೊತ್ತಿತ್ತು.

ಈ ರೀತಿಯನ್ನು ಅವಳು ಎಲ್ಲಿಂದಲೋ ತಂದದ್ದಲ್ಲ, ತಾನೇ ಉಂಡದ್ದು. ಹುಲಸೂರಿನಲ್ಲಿ ಅವಳು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಬೇಸಿಗೆಯಲ್ಲಿ ಬೀದರಿನಲ್ಲಿ ಜಾಣ ಮಕ್ಕಳಿಗೆಂದು ಒಂದು ತಿಂಗಳ ಶಿಬಿರ ಇಟ್ಟಿದ್ದರು. ಅಲ್ಲಿ ಒಬ್ಬ ಮುದಿ ಪ್ರೊಫೆಸರರು ಬೋರ್ಡಿನ ಮೇಲೆ ಒಂದು ಸಾಲು ಬರೆದು, ಚಹಾ ಕುಡಿಯಲು ಹೋದವರು ಮಧ್ಯಾಹ್ನದವರೆಗೂ ಬರುತ್ತಿರಲಿಲ್ಲ. ಆ ಕೋಣೆಯ ಮೌನ, ಹೊರಗೆ ಬೇವಿನ ಗಿಡದಲ್ಲಿ ಕಾಗೆ, ಒಳಗೆ ತಲೆ ಬಗ್ಗಿಸಿ ಕೂತ ಗುರುತಿಲ್ಲದ ಮಕ್ಕಳು, ತನ್ನ ತಲೆಯೊಳಗೆ ಏನೋ ಒಂದು ಮೆಲ್ಲಗೆ ಬಾಗಿಲು ತೆರೆದಂತಾಗುವುದು. ಮರುವರ್ಷ ಶಿಬಿರ ಇರಲಿಲ್ಲ. ಆಮೇಲೆ ಡಿಗ್ರಿ, ಬಿ.ಎಡ್, ನೌಕರಿ, ಮದುವೆ ಎಲ್ಲ ಒಂದರ ಹಿಂದೊಂದು ಬಂದವು, ಯಾವುದೂ ಕೆಟ್ಟದಾಗಿ ಬರಲಿಲ್ಲ. ಆದರೂ ಪಾತ್ರೆ ತೊಳೆಯುವಾಗಲೋ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಾಗಲೋ ಆ ಒಂದು ತಿಂಗಳು ನೆನಪಾಗಿ, ತವರೂರಿನ ನೆನಪಿಗಿಂತ ಹೆಚ್ಚಾಗಿ ಎದೆ ಹಿಂಡುತ್ತಿತ್ತು.

ಆ ವರ್ಷ ಜೂನಿನಲ್ಲಿ ಎಂಟನೇ ಇಯತ್ತೆಗೆ ಪೂನಮ ಎಂಬ ಹುಡುಗಿ ಸೇರಿದಳು. ಮುಡಬಿಯ ಕಡೆಯ ಒಂದು ಹಳ್ಳಿಯವಳು. ತಂದೆ ಮಾಣಿಕಪ್ಪ, ತಾಯಿ ಕೇಶರಬಾಯಿ, ಇಬ್ಬರೂ ಕೂಲಿಗೆ ಹೋಗುವವರು. ಮೊದಲ ದಿನ ಬೆಳಗಿನ ತರಗತಿಗೆ ಬಂದಾಗ ಅವಳ ಎರಡೂ ಮೊಣಕೈ ತರಚಿಹೋಗಿದ್ದವು.

"ಏನಾಗ್ಯಾದ ಇದು?" ಎಂದು ವಿದ್ಯಾವತಿ ಕೇಳಿದಳು.

"ಕಬಡ್ಡಿರಿ ಮೇಡಂ" ಎಂದು ಹುಡುಗಿ ನಕ್ಕಳು.

ಮಳೆಗಾಲದಲ್ಲಿ ಒಂದು ದಿನ ವಿದ್ಯಾವತಿ ಕೋಣೆಯ ಕಲ್ಲುಹಾಸಿನ ನೆಲವನ್ನೇ ತೋರಿಸಿ ಪ್ರಶ್ನೆ ಹಾಕಿದಳು. "ಎಂಟು ಸಾಲು, ಸಾಲಿಗೆ ಎಂಟು ಫರ್ಸಿ ಹಾಸ್ಯಾರ ಅಂತ ತಿಳೀರಿ. ಓರೆಗೆ ಎದುರುಬದುರು ಇರೋ ಮೂಲ್ಯಾಗಿನ ಎರಡು ಫರ್ಸಿ ಕಿತ್ತು ಹೋಗ್ಯಾವ. ನನ್ನ ಹತ್ತಿರ ಸಣ್ಣ ಚಾಪಿ ತುಂಡು ಅವ. ಒಂದು ತುಂಡು ಪಕ್ಕಪಕ್ಕದ ಎರಡು ಫರ್ಸಿ ಮುಚ್ಚತದ. ಉಳಿದ ನೆಲ ಎಲ್ಲಾ ಮುಚ್ಚಬೇಕು, ಚಾಪಿ ಮ್ಯಾಲ ಚಾಪಿ ಬರಬಾರದು. ಆಗ್ತದೋ ಇಲ್ಲೋ?"

ಉಳಿದ ಮಕ್ಕಳು ಒಂದೆರಡು ದಿನ ಗೀಚಿ ಗೀಚಿ ಬಿಟ್ಟರು. ಪೂನಮ ಬಿಡಲಿಲ್ಲ. ಆ ವಾರದ ಕೊನೆಗೆ ಶೇರ್ ಆಟೋದಿಂದ ಇಳಿದವಳೇ ಗೇಟಿನಿಂದ ಓಡಿ ಬಂದಳು. ಉಸಿರು ಹಿಡಿಯಲೂ ನಿಲ್ಲದೆ, ಮುಖವೆಲ್ಲ ನಗುವಾಗಿ ಹೇಳಿದಳು:

"ಆಗಂಗಿಲ್ಲರಿ ಮೇಡಂ! ಹ್ಯಾಂಗ ಹಾಕಿದರೂ ಆಗಂಗಿಲ್ಲ. ಅಡ್ಡಕ್ಕೂ ಉದ್ದಕ್ಕೂ ಒಂದು ಬಿಟ್ಟು ಒಂದು ಫರ್ಸಿಗಿ ಸುಣ್ಣ ಹಚ್ಚೀನಿ ಅಂತ ಮನಸಿನಾಗ ತಿಳಕೊಂಡೆ. ಚಾಪಿ ಎಲ್ಲೇ ಹಾಕ್ರಿ, ಒಂದು ಸುಣ್ಣದ್ದು ಒಂದು ಬರೇದು ಮುಚ್ಚತದ. ಆದರ ಕಿತ್ತು ಹೋದವು ಎರಡೂ ಸುಣ್ಣದ್ದೇ ಅವ, ಬರೇವು ಎರಡು ಹೆಚ್ಚಿಗಿ ಉಳೀತಾವ. ಮತ್ತ ಹ್ಯಾಂಗ ಜೋಡಿ ಕೂಡ್ತಾವರಿ?"

ಇಷ್ಟು ವರ್ಷದ ಮಾಸ್ತರಿಕೆಯಲ್ಲಿ ಯಾವ ಮಗುವೂ ವಿದ್ಯಾವತಿಯ ಎದುರು ಹೀಗೆ ನಿಂತಿರಲಿಲ್ಲ. "ಕೂಡ್ರು, ನೀರು ಕುಡಿ" ಎಂದಷ್ಟೇ ಅಂದಳು. ಆ ದಿನ ಅವಳು ಕಲಿಸಿದ ಯಾವ ಪಾಠವೂ ಅವಳಿಗೆ ನೆನಪಿಲ್ಲ.

ಆಗಿನಿಂದ ಅವಳ ಆಸೆ ದೊಡ್ಡದಾಯಿತು. ಇಂಥ ಮಕ್ಕಳಿಗೆ ಸರಿಯಾದ ಒಂದು ಕೋಣೆ ಬೇಕು, ನಾಲ್ಕೂ ಗೋಡೆಗೆ ಬೋರ್ಡು ಬೇಕು, ಪುಸ್ತಕ ಬೇಕು, ಹುಮನಾಬಾದಿನ ಕಾಲೇಜಿನಿಂದ ವಾರಕ್ಕೊಮ್ಮೆ ಯಾರಾದರೂ ಬಂದು ಕಲಿಸಬೇಕು, ಸುತ್ತಲಿನ ಶಾಲೆಗಳ ಜಾಣ ಮಕ್ಕಳೂ ಬರಬೇಕು. ಅಡಿಗೆ ಮಾಡುತ್ತ ಇದನ್ನೆಲ್ಲ ನಾಗನಾಥನಿಗೆ ಹೇಳುತ್ತಿದ್ದಳು. ಅವನು ಪೇಪರಿನಿಂದ ತಲೆ ಎತ್ತದೆ "ಆಗಲಿ, ಮಾಡು" ಎನ್ನುತ್ತಿದ್ದ.

ದೀಪಾವಳಿ ಕಳೆದ ಮೇಲೆ ಶಾಲೆಗೆ ಅನುದಾನ ಮಂಜೂರಾದ ಸುದ್ದಿ ಬಂತು. ಒಂದೇ ಕೆಲಸಕ್ಕೆ ಬಳಸಬೇಕು, ಯಾವುದೆಂದು ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಠರಾವು ಮಾಡಿ ಕಳಿಸಬೇಕು ಎಂದು ಮುಖ್ಯೋಪಾಧ್ಯಾಯ ಸಿರಾಜುದ್ದೀನ್ ಸಾಹೇಬರು ಹೇಳಿದರು. ವಿದ್ಯಾವತಿ ತನ್ನ ಬೆಳಗಿನ ಗಣಿತ ತರಗತಿಯ ಮಾತೆತ್ತಿದಳು. ದೈಹಿಕ ಶಿಕ್ಷಕ ಧನರಾಜ ಕಬಡ್ಡಿ ಮ್ಯಾಟಿನ ಮಾತೆತ್ತಿದ.

ಇಬ್ಬರೂ ಜಗಳಗಂಟರಲ್ಲ. ವರ್ಷಗಟ್ಟಲೆ ಒಂದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿದವರು. ಅದೇ ಕಟ್ಟೆಯ ಮೇಲೆ ಧನರಾಜ ಹೇಳಿದ:

"ಮೇಡಂ, ಸಿಟ್ಟಾಗಬ್ಯಾಡ್ರಿ. ನಮ್ಮ ಹುಡುಗ್ಯಾರು ಕರೀ ಮಣ್ಣಿನಾಗ ಆಡ್ತಾರ. ತಾಲೂಕಿನ್ಯಾಗ ಗೆಲ್ತಾರ. ಜಿಲ್ಲಾಕ್ಕ ಹೋದ್ರ ಅಲ್ಲಿ ಮ್ಯಾಟ್ ಇರ್ತದ. ಕಾಲು ಜಾರ್ತದ, ಸೋತು ಬರ್ತಾರ. ಪ್ರತಿ ವರ್ಷ ಅದೇ ಹಣೆಬರಹ. ಸೋತು ಬರೋ ಬಸ್ಸಿನಾಗ ಅವರ ಮುಖ ನೀವು ನೋಡಿಲ್ಲ, ನಾ ನೋಡೀನಿ."

"ನನ್ನ ಹುಡುಗರದೂ ಅದೇ ಕಥಿ ಸರ್" ಎಂದಳು ವಿದ್ಯಾವತಿ. "ನಿಮ್ಮ ಮಕ್ಕಳು ಸೋತದ್ದು ಊರಿಗೆ ಕಾಣಸ್ತದ. ನನ್ನ ಮಕ್ಕಳು ಸೋತದ್ದು ಯಾರಿಗೂ ಕಾಣಸಂಗಿಲ್ಲ, ಅಷ್ಟೇ ಫರಕು."

ಧನರಾಜ ಲೋಟ ತಿರುಗಿಸುತ್ತ ಕೂತ. "ಖರೆ ಅದ" ಎಂದ. ಆದರೆ ತನ್ನ ಮಾತು ಹಿಂತೆಗೆದುಕೊಳ್ಳಲಿಲ್ಲ.

ಸಭೆಯ ದಿನ ಎಸ್‌ಡಿಎಂಸಿ ಅಧ್ಯಕ್ಷ ಗುರುಲಿಂಗಪ್ಪ ಅಂಗಡಿ ಬಿಟ್ಟು ಬಂದವನು ಜಲ್ದಿ ಮುಗಿಸುವ ತರಾತುರಿಯಲ್ಲಿದ್ದ. ಒಬ್ಬ ಸದಸ್ಯ, "ಮ್ಯಾಟ್ ಆದ್ರ ಇಡೀ ಶಾಲಿಗಿ ಆಗ್ತದ. ಮೇಡಂ ಅವರ ಕ್ಲಾಸು ನಾಕು ಜಾಣ ಮಕ್ಕಳಿಗೆ. ಜಾಣರು ಹ್ಯಾಂಗೂ ದಡ ಮುಟ್ತಾರ" ಎಂದ. ವಿದ್ಯಾವತಿ ಎದ್ದು ನಿಂತಳು. "ಇಲ್ಲರಿ, ಮುಟ್ಟಂಗಿಲ್ಲ" ಎಂದಳು. "ಜಾಣ ಇದ್ದವರು ಎಷ್ಟೋ ಮಂದಿ ತಾವು ಜಾಣ ಅಂತ ಗೊತ್ತಾಗಲಾರದೇ ದೊಡ್ಡವರಾಗಿ ಹೋಗ್ತಾರ."

ಕೈ ಎತ್ತಿಸಿದಾಗ ಎರಡೂ ಕಡೆ ಸರಿಸಮವಾಯಿತು. ಗೋಡೆಯ ಪಕ್ಕ ಸೆರಗು ಹೊದ್ದು ಕೂತಿದ್ದ ಕೇಶರಬಾಯಿ ಒಬ್ಬಳೇ ಕೈ ಎತ್ತಿರಲಿಲ್ಲ. ಪಾಲಕರ ಕಡೆಯಿಂದ ಅವಳೂ ಸದಸ್ಯೆ. ಎಲ್ಲರೂ ಅವಳ ಕಡೆ ತಿರುಗಿದರು. ವಿದ್ಯಾವತಿಗೆ ಒಳಗೊಳಗೇ ಸಮಾಧಾನವಾಯಿತು. ಪೂನಮಳ ತಾಯಿ! ಹುಡುಗಿಯ ಬಗ್ಗೆ ಅವಳಿಗೆ ಎಷ್ಟು ಸಲ ಹೇಳಿಲ್ಲ, ಹೇಳಿದಾಗೆಲ್ಲ ಆ ಹೆಂಗಸಿನ ಮುಖ ಹೂವಾಗಿರಲಿಲ್ಲವೇ.

"ಏನಂತಿ ಬಾಯಿ?" ಎಂದ ಗುರುಲಿಂಗಪ್ಪ.

"ಆಟದ್ದು ತರ್ರಿ" ಎಂದಳು ಕೇಶರಬಾಯಿ, ತಲೆ ಎತ್ತದೆ.

ಸಭೆ ಮುಗಿಯಿತು. ಚಹಾ ಬಂತು. ವಿದ್ಯಾವತಿ ಚಹಾ ಮುಟ್ಟದೆ ಹೊರಗೆ ಬಂದಾಗ ಕೇಶರಬಾಯಿ ಗೇಟಿನ ಹತ್ತಿರ ಆಟೋಕ್ಕೆ ಕಾಯುತ್ತ ನಿಂತಿದ್ದಳು. ಮೇಡಂ ಬರುವುದನ್ನು ನೋಡಿ ಸೆರಗು ಸರಿಮಾಡಿಕೊಂಡಳು.

"ಕೇಶರಬಾಯಿ, ಯಾಕ್ರಿ ಹಿಂಗ ಮಾಡಿದ್ರಿ? ನಿಮ್ಮ ಮಗಳಿಗೋಸ್ಕರಾನೇ ನಾ ಕೇಳಿದ್ದು."

"ನಾನೂ ಆಕೀ ಸಲುವಾಗೇ ಮಾಡೀನ್ರಿ ಮೇಡಂ."

ರಸ್ತೆಯ ಮೇಲೆ ಒಂದು ಟ್ರ್ಯಾಕ್ಟರ್ ಹಾದುಹೋಗುವವರೆಗೆ ಅವಳು ತಡೆದಳು. ಆಮೇಲೆ ದನಿ ಇಳಿಸಿ ಹೇಳಿದಳು: "ಮನ್ಯಾಗ ಸೋಯರಿಕಿ ಮಾತು ನಡದದ. ಈಕಿ ದೊಡ್ಡಪ್ಪ ಗಡಿ ಆಚಿಂದ ವರಾ ನೋಡಿ ಬಂದಾನ. ಹತ್ತನೇ ಇಯತ್ತೆ ಆಗಲಿ ಅಂತ ನಾ ಕೈ ಮುಗದೀನಿ. ಅದನ್ನೂ ಕೇಳವಲ್ಲರು. ಧನರಾಜ ಸರ್ ಹೇಳ್ಯಾರ, ಮ್ಯಾಟಿನ ಮ್ಯಾಲ ಆಡೋದು ಕಲತರ ಈಕಿ ಸರಕಾರದ ಆಟದ ಹಾಸ್ಟೆಲ್ಲಿಗಿ ಆರಿಸಿ ಬರ್ತಾಳ ಅಂತ. ನಿಮ್ಮ ಕ್ಲಾಸು ಭಾಳ ಚಲೋ ಅದರಿ, ನಾ ಇಲ್ಲ ಅನ್ನಂಗಿಲ್ಲ. ಆದರ ನಿಮ್ಮ ಕ್ಲಾಸ್ ಬಿಟ್ಟ ಮ್ಯಾಲ ನನ್ನ ಮಗಳು ಮನಿಗೇ ಬರಬೇಕಲ್ರಿ."

"ಹಾಸ್ಟೆಲ್ಲಿಗಿ ಹೋದ್ರ ಬರಂಗಿಲ್ಲ" ಎಂದಳು ಕೇಶರಬಾಯಿ. ಹೇಳುವಾಗ ಅವಳ ಕಣ್ಣು ತುಂಬಿದವು. "ನನಗ ಅದೊಂದೇ ಮಗಳ್ರಿ. ಮನ್ಯಾಗ ಇರಲಿ ಅಂತ ನನಗೇನು ಆಸಿ ಇಲ್ಲೇನು?"

ಆಟೋ ಬಂತು. ಅವಳು ಹತ್ತಿ ಹೋದಳು. ತನಗೆ ಸಿಟ್ಟು ಬಂದಿದ್ದರೆ ಎಷ್ಟು ಸುಲಭವಿತ್ತು ಎಂದು ವಿದ್ಯಾವತಿಗೆ ಅನಿಸಿತು. ಸಿಟ್ಟು ಬರಲಿಲ್ಲ. ಪೊಲೀಸರಿಗೆ, ಮಕ್ಕಳ ಸಹಾಯವಾಣಿಗೆ ಹೇಳಬಹುದು, ಮದುವೆ ನಿಲ್ಲಿಸಬಹುದು. ಅದೆಲ್ಲ ಅವಳಿಗೆ ಗೊತ್ತಿತ್ತು. ಆದರೆ ನಿಲ್ಲಿಸಿದ ಮೇಲೆ ಆ ಮನೆಯಲ್ಲಿ ಆ ತಾಯಿ ಮಗಳು ದಿನಾ ಏನೇನು ಕೇಳಿಸಿಕೊಂಡು ಇರಬೇಕು ಎಂಬುದೂ ಗೊತ್ತಿತ್ತು. ಆದರೂ ಮರುದಿನ ಸಿರಾಜುದ್ದೀನ್ ಸಾಹೇಬರನ್ನು ಕರೆದುಕೊಂಡು ಹಳ್ಳಿಗೆ ಹೋಗಿ ಮಾಣಿಕಪ್ಪನಿಗೆ ಕಾನೂನಿನ ಮಾತು ಹೇಳಿ ಬಂದಳು. ಮಾಣಿಕಪ್ಪ ಹೂಂ ಎಂದ. ಅವನ ಅಣ್ಣ ಎದ್ದು ಹೊರಗೆ ಹೋಗಿ ಕೂತ.

ಸಂಕ್ರಾಂತಿ ಮುಗಿದು ಮ್ಯಾಟು ಬಂತು. ಲಾರಿಯಿಂದ ಇಳಿಸುವಾಗ ಇಡೀ ಶಾಲೆ ನಿಂತು ನೋಡಿತು. ಕೆಂಪು ಹಳದಿ ತುಂಡುಗಳು, ಒಂದಕ್ಕೊಂದು ಹಲ್ಲು ಜೋಡಿಸಿ ಹಾಸುವಂಥವು. ಧನರಾಜ ಬೂಟು ಬಿಚ್ಚಿ ಅದರ ಮೇಲೆ ಒಮ್ಮೆ ಆಚೆಯಿಂದ ಈಚೆಗೆ ನಡೆದ. ಅವನ ಮುಖದ ಸಂತೋಷ ನೋಡಿ ವಿದ್ಯಾವತಿಗೂ ನಗು ಬಂತು. ಆದರೆ ಬಿಸಿಲು ಮಳೆಗೆ ಮ್ಯಾಟು ಹೊರಗಿರುವಂತಿಲ್ಲ, ಬೀಗ ಇರುವ ಖಾಲಿ ಕೋಣೆ ಶಾಲೆಯಲ್ಲಿ ಒಂದೇ, ವಿದ್ಯಾವತಿಯ ಆ ಹಿಂಭಾಗದ ಕೋಣೆ. "ಮೇಡಂ, ಬ್ಯಾರೆ ಜಾಗಾನೇ ಇಲ್ಲ" ಎಂದು ಸಿರಾಜುದ್ದೀನ್ ಸಾಹೇಬರು ಸಂಕೋಚದಿಂದ ಹೇಳಿದರು. ಬೆಳಗಿನ ತರಗತಿ ವರಾಂಡಕ್ಕೆ ಬಂತು. ವರಾಂಡದಲ್ಲಿ ಹೋಗುವವರು ಬರುವವರು, ಕಸ ಗುಡಿಸುವವರು, ಹಾಲು ಕಾಯಿಸುವ ವಾಸನೆ, ಮೈದಾನದಿಂದ ಕೂಗು. ಮಕ್ಕಳ ಕಣ್ಣು ಪ್ರಶ್ನೆಯ ಮೇಲೆ ನಿಲ್ಲುತ್ತಿರಲಿಲ್ಲ. ಪೂನಮ ಕೆಲವು ದಿನ ಎರಡೂ ಕಡೆ ಓಡಾಡಿದಳು, ಬೆವರು ಒರೆಸಿಕೊಳ್ಳುತ್ತ ಬಂದು ಕೂರುವಳು, ಸೀಟಿ ಊದಿದರೆ ಏಳುವಳು. ಆಯ್ಕೆಯ ದಿನ ಹತ್ತಿರವಾದಂತೆ ಬರುವುದು ನಿಂತಿತು. ಬರಬೇಡ ಎಂದು ಹೇಳಿದವಳು ವಿದ್ಯಾವತಿಯೇ. "ಈಗ ಆಟ ನೋಡು. ಇದು ಎಲ್ಲೂ ಹೋಗಂಗಿಲ್ಲ" ಎಂದಿದ್ದಳು.

ಏಪ್ರಿಲಿನಲ್ಲಿ ಹುಡುಗಿ ಆಯ್ಕೆಯಾದಳು. ದೂರದ ಜಿಲ್ಲೆಯ ಹಾಸ್ಟೆಲು. ವರ್ಗಾವಣೆ ಪತ್ರ ಒಯ್ಯಲು ತಾಯಿಯ ಜೊತೆ ಬಂದವಳು ಗಣಿತದ ಮೇಡಂಗೆ ನಮಸ್ಕಾರ ಮಾಡಿದಳು. ಹಿಂದಿನ ದಿನವೆಲ್ಲ ವಿದ್ಯಾವತಿ ಏನೇನೋ ಹೇಳಬೇಕೆಂದುಕೊಂಡಿದ್ದಳು. ನಿನ್ನಂಥವರು ಸಿಗುವುದಿಲ್ಲ, ತಲೆಯನ್ನು ಕೈಬಿಡಬೇಡ, ಯಾರೂ ಕೇಳದಿದ್ದರೂ ನಿನಗೆ ನೀನೇ ಪ್ರಶ್ನೆ ಹಾಕಿಕೋ. ಬಾಯಿಂದ ಬಂದದ್ದು, "ಅಲ್ಲಿ ಹಾಲು ಕೊಡ್ತಾರಂತ, ಚೆಲ್ಲಬ್ಯಾಡ, ಕುಡಿ" ಎಂಬುದಷ್ಟೇ.

"ಹೂಂರಿ ಮೇಡಂ. ಬರ್ತೀನ್ರಿ" ಎಂದು ಹೋದಳು.

ಹೋದ ಮೇಲೆ ವಿದ್ಯಾವತಿಗೆ ಆಗಿದ್ದನ್ನು ಯಾರಿಗಾದರೂ ಹೇಳುವುದೂ ಕಷ್ಟ. ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ಒಂದು ವರ್ಷವೂ ಪೂರ್ತಿ ಕಲಿತವಳಲ್ಲ. ಆದರೂ ಹೊಸ ಪ್ರಶ್ನೆ ಎಲ್ಲಿಯಾದರೂ ಕಂಡರೆ ಮೊದಲು ನೆನಪಾಗುವುದು ಆ ಹುಡುಗಿಯ ಮುಖ. ಇದಕ್ಕೆ ಅವಳು ಎಷ್ಟು ಹೊತ್ತು ಮೌನವಾಗುತ್ತಿದ್ದಳು, ಹುಬ್ಬು ಹೇಗೆ ಗಂಟಿಕ್ಕುತ್ತಿತ್ತು, ಯಾವ ದಾರಿಯಿಂದ ಬರುತ್ತಿದ್ದಳು ಎಂದು ಕಲ್ಪಿಸಿಕೊಳ್ಳುತ್ತ ಕೂರುವಳು. ಒಮ್ಮೆ ನಾಗನಾಥ, "ಫೋನಾದರೂ ಹಚ್ಚು, ಹಾಸ್ಟೆಲ್ಲಿಗಿ" ಎಂದ. ಹಚ್ಚಿದಳು. ವಾರಕ್ಕೊಮ್ಮೆ ಮನೆಯವರಿಗೆ ಮಾತ್ರ ಎಂದು ವಾರ್ಡನ್ ಹೇಳಿದರು.

ಮರುವರ್ಷ ಧನರಾಜನ ಹುಡುಗಿಯರು ಜಿಲ್ಲೆಯಲ್ಲಿ ಗೆದ್ದರು. ಈ ಶಾಲೆಯ ಹೆಸರು ವಿಭಾಗ ಮಟ್ಟಕ್ಕೆ ಹೋದದ್ದು ಅದೇ ಮೊದಲು. ಪಂದ್ಯ ಹುಮನಾಬಾದಿನಲ್ಲಿ. ಹೆಣ್ಣುಮಕ್ಕಳ ಜೊತೆ ಒಬ್ಬ ಶಿಕ್ಷಕಿ ಹೋಗಲೇಬೇಕು, ಯಾರು ಹೋಗುತ್ತೀರಿ ಎಂದು ಸಿರಾಜುದ್ದೀನ್ ಸಾಹೇಬರು ಕೇಳಿದಾಗ ವಿದ್ಯಾವತಿ ತಾನು ಎಂದಳು. ಧನರಾಜನಿಗೆ ಆಶ್ಚರ್ಯವಾಯಿತು. ಇಷ್ಟು ವರ್ಷದಲ್ಲಿ ಅವಳು ಒಂದೂ ಪಂದ್ಯ ನೋಡಿದವಳಲ್ಲ. ಪೂನಮ ಇದ್ದ ಹಾಸ್ಟೆಲಿನ ತಂಡವೂ ಬರುತ್ತದೆ ಎಂಬುದನ್ನು ಅವಳು ಮೊದಲೇ ಕೇಳಿ ತಿಳಿದುಕೊಂಡಿದ್ದಳು.

ಹುಮನಾಬಾದಿನ ಮೈದಾನದಲ್ಲಿ ಶಾಮಿಯಾನ, ಮೈಕು, ಧೂಳು. ಎಲ್ಲ ಹುಡುಗಿಯರೂ ಒಂದೇ ತರಹದ ಅಂಗಿ, ಒಂದೇ ತರಹ ಬಿಗಿದು ಕಟ್ಟಿದ ಜಡೆ. ವಿದ್ಯಾವತಿ ಸಾಲು ಸಾಲಾಗಿ ಹುಡುಕಿದಳು. ಕಡೆಗೆ ಪೂನಮಳನ್ನು ಕಂಡಾಗ ಮೊದಲು ಗುರುತೇ ಸಿಗಲಿಲ್ಲ. ಎತ್ತರವಾಗಿದ್ದಳು, ತೋಳು ಗಟ್ಟಿಯಾಗಿದ್ದವು, ಕಾಲಲ್ಲಿ ಬೂಟು ಇದ್ದವು.

ಮಧ್ಯಾಹ್ನ ಬಸವಕಲ್ಯಾಣದ ತಂಡಕ್ಕೆ ಎದುರಾದದ್ದೂ ಆ ಹಾಸ್ಟೆಲ್ ತಂಡವೇ. ಪೂನಮ ಗೆರೆ ದಾಟಿ ಬಂದಾಗ ಈ ಕಡೆಯ ಏಳು ಹುಡುಗಿಯರೂ ಹಿಂದೆ ಸರಿದರು. ಎರಡು ಹೆಜ್ಜೆ ಒಳಗೆ ಬಂದು, ಕಾಲು ಚಾಚಿದಂತೆ ಮಾಡಿ, ಹಿಡಿಯಲು ಬಂದವರ ಕೈಯಿಂದ ಮೀನಿನ ಹಾಗೆ ಜಾರಿ, ಗೆರೆ ಮುಟ್ಟಿ ಎದ್ದು ನಿಂತಳು. ಎದ್ದು ನಿಂತಾಗ ನಕ್ಕಳು. ಆ ನಗೆಯನ್ನು ವಿದ್ಯಾವತಿ ಚೆನ್ನಾಗಿ ಬಲ್ಲಳು. ಅದು ತನ್ನ ಕೋಣೆಯದು ಮಾತ್ರ ಎಂದು ಅವಳು ತಿಳಿದುಕೊಂಡಿದ್ದಳು. ಅಲ್ಲವೆಂದು ಈಗ ತಿಳಿದು, ಸಂತೋಷವೂ ಆಯಿತು, ಏನನ್ನೋ ಕಳೆದುಕೊಂಡಂತೆಯೂ ಆಯಿತು. ಬಸವಕಲ್ಯಾಣದ ಹುಡುಗಿಯರು ಸೋತರು.

ಪಂದ್ಯ ಮುಗಿದ ಮೇಲೆ ಪೂನಮ ತಾನೇ ಓಡಿ ಬಂದಳು. "ಮೇಡಂ, ನೀವು ಬಂದೀರಿ!"

"ನಿನ್ನ ನೋಡಾಕಂತ ಬಂದೀನವ್ವಾ." ಶಾಮಿಯಾನದ ನೆರಳಿನಲ್ಲಿ ಇಬ್ಬರೂ ಕೂತರು. "ಅವ್ವ ಹ್ಯಾಂಗ ಅದಾಳ?"

"ಆರಾಮ ಅದಾಳ್ರಿ. ವರನ ಕಡಿಯವರು ಬ್ಯಾರೆ ಕಡಿ ಮಾಡಿಕೊಂಡ್ರಂತ. ದೊಡ್ಡಪ್ಪ ಈಗ ನನ್ನ ಫೋಟೋ ಎಲ್ಲಾರಿಗೂ ತೋರಸ್ತಾನಂತ, ಪೇಪರಿನಾಗ ಬಂದಿತ್ತಲ್ಲ." ಹುಡುಗಿ ನಗುತ್ತಲೇ ಹೇಳಿದಳು. ರೈಲಿನಲ್ಲಿ ಹೋದದ್ದು, ಉತ್ತರ ಭಾರತದ ಹುಡುಗಿಯರ ಜೊತೆ ಆಡಿದ್ದು, ಅವರ ಮಾತು ತಿಳಿಯದೆ ನಕ್ಕದ್ದು, ಎಲ್ಲ ಒಂದೇ ಉಸಿರಿಗೆ.

ವಿದ್ಯಾವತಿ ಕೇಳಬಾರದು ಎಂದುಕೊಂಡೇ ಬಂದಿದ್ದಳು. ಕೇಳಿಬಿಟ್ಟಳು. "ಲೆಕ್ಕ ಮಾಡ್ತಿ ಏನು?"

ಪೂನಮ ಬೂಟಿನ ದಾರದ ಕಡೆ ನೋಡಿದಳು. "ಪಾಸ್ ಆಗಾಕ ಎಷ್ಟು ಬೇಕೋ ಅಷ್ಟು ಮಾಡ್ತೀನ್ರಿ. ನಸುಕಿನ್ಯಾಗ ಎಬ್ಬಸ್ತಾರ, ಸಂಜಿಗಿ ಪುಸ್ತಕ ತಗದ್ರ ಕಣ್ಣು ಮುಚ್ಚತಾವ." ದಾರ ಬಿಗಿದು ಕಟ್ಟುತ್ತ, "ಒಮ್ಮೊಮ್ಮೆ ಭಾಳ ನೆನಪಾಗ್ತದ್ರಿ ಮೇಡಂ" ಎಂದಳು. "ಲೆಕ್ಕ ಅಲ್ಲ. ಲೆಕ್ಕ ಮರತೀನಿ. ಸುಮ್ಮ ಕೂಡ್ರತಿದ್ವೆಲ್ಲ, ಅದು. ಇಲ್ಲಿ ಯಾರರೆ ಒಬ್ಬರು ಹೆಸರು ಹಿಡದು ಕರೀತಾನೇ ಇರ್ತಾರ. ನಿಮ್ಮ ಕ್ವಾಣ್ಯಾಗ ಯಾರೂ ಕರೀತಿದ್ದಿಲ್ಲ."

ವಿದ್ಯಾವತಿ ಅವಳ ಕೈ ಹಿಡಿದುಕೊಂಡಳು. ಅಂಗೈ ಒರಟಾಗಿತ್ತು. ಬೀದರಿನ ಆ ಬೇಸಿಗೆಯ ವಿಷಯ ಯಾರಿಗೂ ಹೇಳಿರಲಿಲ್ಲ, ಈ ಹುಡುಗಿಗೆ ಹೇಳಬೇಕೆನಿಸಿತು. ಬಾಯಿ ತೆರೆಯುವಷ್ಟರಲ್ಲಿ ಆಚೆಯಿಂದ ಕೋಚ್ ಸೀಟಿ ಊದಿದ. "ಪೂನಮ!" ಎಂದು ಕೂಗಿದ.

"ಸೆಮಿಫೈನಲ್ ಅದರಿ" ಎಂದು ಎದ್ದಳು. ಬಗ್ಗಿ ನಮಸ್ಕಾರ ಮಾಡಿ, ಧೂಳಿನಲ್ಲಿ ಓಡಿದಳು. ಒಮ್ಮೆಯೂ ತಿರುಗಿ ನೋಡಲಿಲ್ಲ. ಆಟಕ್ಕೆ ಹೋಗುವವಳು ತಿರುಗಿ ಯಾಕೆ ನೋಡುತ್ತಾಳೆ ಎಂದು ವಿದ್ಯಾವತಿ ತನಗೆ ತಾನೇ ಹೇಳಿಕೊಂಡಳು.

ಸಂಜೆ ಕ್ರೂಸರ್ ಗಾಡಿಯಲ್ಲಿ ಎಲ್ಲರೂ ಊರಿನ ಕಡೆ ಹೊರಟರು. ಸೋತ ಹುಡುಗಿಯರು ಒಬ್ಬರ ಮೇಲೊಬ್ಬರು ಒರಗಿ ಕೂತಿದ್ದರು. ಧನರಾಜ ಹೇಳಿದ್ದ ಮುಖಗಳನ್ನು ವಿದ್ಯಾವತಿ ಅಂದು ಮೊದಲ ಸಲ ನೋಡಿದಳು. ಚೀಲದಲ್ಲಿದ್ದ ಬಾಳೆಹಣ್ಣು ಹಂಚಿದಳು.

"ಮೇಡಂ" ಎಂದ ಧನರಾಜ, ಮುಂದಿನ ಸೀಟಿನಿಂದ ತಿರುಗಿ. "ಬರೋ ಜೂನಿನ್ಯಾಗ ನಿಮ್ಮ ಕ್ಲಾಸಿಂದು ಮತ್ತ ಕೇಳ್ರಿ. ಈ ಸಲ ನಾನೂ ನಿಮ್ಮ ಕಡಿ ಮಾತಾಡ್ತೀನಿ."

"ಕೊಡ್ತಾರಂತೀರಿ?"

"ಕೊಡಲಿಕ್ಕಿಲ್ಲ" ಎಂದು ಅವನು ನಿಜ ಹೇಳಿದ. "ಕೇಳೋಣು."

"ಕೇಳೋಣು" ಎಂದಳು ಅವಳೂ. ಕೋಣೆ ಸಿಕ್ಕರೆ ಯಾರು ಯಾರು ಬಂದು ಕೂರುತ್ತಾರೆ ಎಂದು ಎಣಿಸಿದಳು. ವರಾಂಡದ ತರಗತಿಯ ಮಚ್ಚೇಂದ್ರ ಇದ್ದಾನೆ, ದೀಪಾಲಿ ಇದ್ದಾಳೆ, ಒಳ್ಳೆಯ ಮಕ್ಕಳು. ಅವರಿಗಾಗಿ ಕೇಳಲೇಬೇಕು. ಆದರೆ ಅವಳ ಮನಸ್ಸು ಕಟ್ಟಿದ ಕೋಣೆಗೆ ಬರಬೇಕಾದವಳು ಇನ್ನು ಬರುವುದಿಲ್ಲ. ಬರದಿರುವುದೇ ಒಳ್ಳೆಯದು ಎಂಬುದೂ ಅವಳಿಗೆ ಗೊತ್ತಿತ್ತು.

ಹಿಂದಿನ ಸೀಟಿನಲ್ಲಿ ಹೊಸದಾಗಿ ಎಂಟನೇ ಇಯತ್ತೆಗೆ ಸೇರಿದ ಹುಡುಗಿಯೊಬ್ಬಳು ಕೇಳಿದಳು, "ಮೇಡಂ, ಆ ಪೂನಮಕ್ಕ ಖರೇನೇ ನಮ್ಮ ಶಾಲಿಯಾಕಿ ಏನ್ರಿ?"

"ಹೌದು."

"ಭಾಳ ಚಲೋ ಆಡ್ತಾಳರಿ."

ವಿದ್ಯಾವತಿ ಕಿಟಕಿಯ ಹೊರಗೆ ನೋಡಿದಳು. ಕೊಯ್ಲಿಗೆ ಬಂದ ತೊಗರಿ ಹೊಲಗಳ ಮೇಲೆ ಬಿಸಿಲು ಇಳಿಯುತ್ತಿತ್ತು. "ಹೌದವ್ವಾ" ಎಂದಳು, "ಭಾಳ ಚಲೋ ಆಡ್ತಾಳ."